ಮಾಹಿತಿ ಸಾಕ್ಷರತೆಯ ತರಗತಿ ನಡೆಸುವುದು ಹೇಗೆ: ಕಾಲೇಜು ಗ್ರಂಥಪಾಲಕರಿಗೊಂದು ಮಾರ್ಗದರ್ಶಿ

“ನಮಗೆ ಕೊಟ್ಟಿರುವುದು ಒಂದೇ ಗಂಟೆ, ಅದರಲ್ಲಿ ಏನನ್ನು ಹೇಳಿಕೊಡಲಿ?” ಎಂಬ ಪ್ರಶ್ನೆಯನ್ನು ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ಗ್ರಂಥಪಾಲಕರು ಮತ್ತೆ ಮತ್ತೆ ಕೇಳುತ್ತಾರೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆಯೂ ಬರುತ್ತದೆ: “ಗ್ರಂಥಾಲಯದ ಡೇಟಾಬೇಸ್‌ಗಳನ್ನೆಲ್ಲ ತೋರಿಸಿದ್ದೇನೆ, ಆದರೂ ವಿದ್ಯಾರ್ಥಿಗಳು ಗೂಗಲ್‌ನಲ್ಲಿ ಸಿಕ್ಕ ಮೊದಲ ಪುಟವನ್ನೇ ಪ್ರಬಂಧಕ್ಕೆ ಇಳಿಸಿಕೊಳ್ಳುತ್ತಾರಲ್ಲ, ಏಕೆ?” ಎರಡನೆಯ ಪ್ರಶ್ನೆಗೆ ಉತ್ತರ ಕಂಡುಕೊಂಡರೆ ಮೊದಲನೆಯದಕ್ಕೂ ದಾರಿ ತೆರೆಯುತ್ತದೆ. ಎಲ್ಲಿ ಹುಡುಕಬೇಕು ಎಂಬುದನ್ನು ನಾವು ವಿದ್ಯಾರ್ಥಿಗೆ ತೋರಿಸುತ್ತೇವೆ. ಏನನ್ನು ಹುಡುಕುತ್ತಿದ್ದೇನೆ ಎಂಬುದು ಮಾತ್ರ ಅವನಿಗೆ ಇನ್ನೂ ಸ್ಪಷ್ಟವಾಗಿರುವುದಿಲ್ಲ. ಪ್ರಶ್ನೆಯೇ ಇಲ್ಲದವನಿಗೆ ಎಷ್ಟು ಡೇಟಾಬೇಸ್ ತೋರಿಸಿದರೂ ಅವು ಮರುದಿನಕ್ಕೆ ಮರೆತುಹೋಗುತ್ತವೆ. ಈ ಲೇಖನದ ಎಲ್ಲ ಹಂತಗಳೂ ಇದೊಂದು ತಿಳಿವಳಿಕೆಯ ಮೇಲೆ ನಿಂತಿವೆ.

ಮೊದಲಿಗೆ ಪದದ ಅರ್ಥವನ್ನು ಖಚಿತಪಡಿಸಿಕೊಳ್ಳೋಣ. ‘ಮಾಹಿತಿ ಸಾಕ್ಷರತೆ’ ಎಂಬ ಮಾತನ್ನು 1974ರಲ್ಲಿ ಅಮೆರಿಕದ ಪಾಲ್ ಜುರ್ಕೌಸ್ಕಿ ಬಳಕೆಗೆ ತಂದರು. 1989ರಲ್ಲಿ ಅಮೆರಿಕನ್ ಲೈಬ್ರರಿ ಅಸೋಸಿಯೇಷನ್‌ನ ಸಮಿತಿಯೊಂದು ಕೊಟ್ಟ ವ್ಯಾಖ್ಯೆಯೇ ಇಂದಿಗೂ ಹೆಚ್ಚಾಗಿ ಬಳಕೆಯಲ್ಲಿದೆ: ತನಗೆ ಮಾಹಿತಿ ಬೇಕಾಗಿದೆ ಎಂಬುದನ್ನು ಗುರುತಿಸುವ, ಅದನ್ನು ಹುಡುಕಿ ತೆಗೆಯುವ, ತೂಗಿ ನೋಡುವ ಮತ್ತು ಪರಿಣಾಮಕಾರಿಯಾಗಿ ಬಳಸುವ ಸಾಮರ್ಥ್ಯವೇ ಮಾಹಿತಿ ಸಾಕ್ಷರತೆ. ಈ ನಾಲ್ಕರಲ್ಲಿ ನಮ್ಮ ಬಹುಪಾಲು ತರಗತಿಗಳು ಎರಡನೆಯದನ್ನು ಮಾತ್ರ ಕಲಿಸುತ್ತವೆ ಎಂಬುದನ್ನು ಗಮನಿಸಿ.

ಕಾಲೇಜು ಮತ್ತು ಸಂಶೋಧನಾ ಗ್ರಂಥಾಲಯಗಳ ಅಮೆರಿಕನ್ ಸಂಘ, ಅಂದರೆ ಎಸಿಆರ್‌ಎಲ್, 2000ದಲ್ಲಿ ಐದು ಮಾನದಂಡಗಳ ಪಟ್ಟಿಯೊಂದನ್ನು ಹೊರತಂದಿತ್ತು. 2016ರಲ್ಲಿ ಅದನ್ನು ಕೈಬಿಟ್ಟು, ಆರು ಮೂಲ ಪರಿಕಲ್ಪನೆಗಳ ಚೌಕಟ್ಟನ್ನು ಅಂಗೀಕರಿಸಿತು. ಅಧಿಕಾರಯುತ ಆಕರ ಯಾವುದು ಎಂಬುದು ಸಂದರ್ಭವನ್ನು ಅವಲಂಬಿಸಿರುತ್ತದೆ, ವಿದ್ವತ್ತು ಎಂಬುದು ಹಲವರ ನಡುವೆ ನಡೆಯುವ ಸಂವಾದ, ಹುಡುಕಾಟವೆಂದರೆ ಹಾದಿ ಬದಲಿಸುತ್ತ ಸಾಗುವ ಅನ್ವೇಷಣೆ ಎಂಬಂಥವು ಅದರಲ್ಲಿವೆ. ‘ಆಕರ’ ಎಂದರೆ ಮಾಹಿತಿ ದೊರೆಯುವ ಮೂಲ. ಪುಸ್ತಕ, ಲೇಖನ, ವರದಿ, ಜಾಲತಾಣ ಯಾವುದೂ ಆಗಬಹುದು. ಯಾವ ಗುಂಡಿ ಒತ್ತಬೇಕು ಎಂಬ ಕೌಶಲ್ಯದಿಂದ ಮಾಹಿತಿ ಹೇಗೆ ಹುಟ್ಟುತ್ತದೆ ಎಂಬ ತಿಳಿವಳಿಕೆಯ ಕಡೆಗೆ ಒತ್ತು ಸರಿದಿದೆ ಎಂಬುದಷ್ಟನ್ನು ನೀವು ಈ ಬದಲಾವಣೆಯಿಂದ ತೆಗೆದುಕೊಂಡರೆ ಸಾಕು. ಆರೂ ಪರಿಕಲ್ಪನೆಗಳನ್ನು ಒಂದು ಗಂಟೆಯಲ್ಲಿ ತುರುಕಲು ಹೋಗಬೇಡಿ.

ತರಗತಿಗೆ ಮುನ್ನ ಕೈಯಲ್ಲಿರಬೇಕಾದವು

ವಿದ್ಯಾರ್ಥಿಗಳಿಗೆ ಕೊಟ್ಟಿರುವ ಅಸೈನ್‌ಮೆಂಟ್‌ನ ಪ್ರತಿ, ಅದಕ್ಕೆ ಅಂಕ ಕೊಡುವ ಕ್ರಮ, ಎಲ್ಲರಿಗೂ ಕಂಪ್ಯೂಟರ್ ಅಥವಾ ಇಬ್ಬರಿಗೊಂದರಂತೆ ಲ್ಯಾಪ್‌ಟಾಪ್, ಮತ್ತು ಒಂದು ವಿದ್ಯಾರ್ಥಿ ಖಾತೆಯ ಲಾಗಿನ್ ನಿಮ್ಮ ಬಳಿ ಇರಬೇಕು. ಕೊನೆಯದನ್ನು ಹಲವರು ಮರೆಯುತ್ತಾರೆ. ಗ್ರಂಥಪಾಲಕರ ಖಾತೆಯಲ್ಲಿ, ಗ್ರಂಥಾಲಯದ ಒಳಗಿನ ಜಾಲದಲ್ಲಿ ಎಲ್ಲ ಲೇಖನಗಳೂ ಸಲೀಸಾಗಿ ತೆರೆದುಕೊಳ್ಳುತ್ತವೆ. ಅದೇ ವಿದ್ಯಾರ್ಥಿ ರಾತ್ರಿ ಮನೆಯಲ್ಲಿ ಕುಳಿತು ಅದೇ ಕೊಂಡಿಯನ್ನು ಒತ್ತಿದರೆ ಹಣ ಕೇಳುವ ಪುಟ ಎದುರಾಗುತ್ತದೆ. ಅಲ್ಲಿಗೆ ಅವನು ಆ ಡೇಟಾಬೇಸ್‌ನ ಸಹವಾಸವನ್ನೇ ಬಿಡುತ್ತಾನೆ. ಆದ್ದರಿಂದ ತರಗತಿಯ ಹಿಂದಿನ ದಿನ ಮನೆಯಿಂದ, ವಿದ್ಯಾರ್ಥಿ ಖಾತೆಯ ಮೂಲಕ ಒಮ್ಮೆ ಎಲ್ಲವನ್ನೂ ತೆರೆದು ನೋಡಿ. ಎಲ್ಲಿ ತಡೆಯಾಗುತ್ತದೆಯೋ ಅದನ್ನು ದಾಟುವ ಬಗೆಯನ್ನು ಬರೆದಿಟ್ಟುಕೊಳ್ಳಿ. ಇಂಟರ್‌ನೆಟ್ ಕೈಕೊಟ್ಟರೆ ತೋರಿಸಲು ನಾಲ್ಕಾರು ಸ್ಕ್ರೀನ್‌ಶಾಟ್‌ಗಳೂ ಇರಲಿ.

1. ಅಧ್ಯಾಪಕರೊಂದಿಗೆ ಕುಳಿತು ಮಾತನಾಡಿ

ವರ್ಷಾರಂಭದ ಓರಿಯೆಂಟೇಷನ್ ದಿನ ನೂರಾರು ವಿದ್ಯಾರ್ಥಿಗಳನ್ನು ಸಭಾಂಗಣದಲ್ಲಿ ಕೂರಿಸಿ ಕೊಡುವ ಉಪನ್ಯಾಸವನ್ನು ಮಾಹಿತಿ ಸಾಕ್ಷರತೆಯ ಪಾಠವೆಂದು ಲೆಕ್ಕ ಹಾಕಬೇಡಿ. ಅದು ಗ್ರಂಥಾಲಯದ ಪರಿಚಯ, ಅದರ ಉಪಯೋಗವೂ ಅಷ್ಟಕ್ಕೇ. ಹುಡುಕಬೇಕಾದ ಅಗತ್ಯ ಹುಟ್ಟುವ ಮೊದಲೇ ಹುಡುಕುವುದನ್ನು ಕಲಿಸಿದರೆ ಅದು ತಲೆಯಲ್ಲಿ ನಿಲ್ಲುವುದಿಲ್ಲ.

ಪಾಠಕ್ಕೆ ಸರಿಯಾದ ಸಮಯವೆಂದರೆ ಅಸೈನ್‌ಮೆಂಟ್ ಕೊಟ್ಟ ಮೇಲೆ, ವಿದ್ಯಾರ್ಥಿಗಳು ಬರೆಯಲು ಕೂರುವ ಮೊದಲು. ಈ ಸಮಯವನ್ನು ಹಿಡಿಯಬೇಕಾದರೆ ಸೆಮಿಸ್ಟರ್ ಆರಂಭಕ್ಕೆ ಮುಂಚೆಯೇ ವಿಷಯದ ಅಧ್ಯಾಪಕರನ್ನು ಕಾಣಬೇಕು. ಅವರನ್ನು ಮೂರು ಸಂಗತಿ ಕೇಳಿ: ವಿದ್ಯಾರ್ಥಿಗಳು ಯಾವ ಬಗೆಯ ಆಕರಗಳನ್ನು ಬಳಸಬೇಕೆಂದು ನೀವು ನಿರೀಕ್ಷಿಸುತ್ತೀರಿ? ಕಳೆದ ವರ್ಷದ ಪ್ರಬಂಧಗಳಲ್ಲಿ ನಿಮಗೆ ಬೇಸರ ತಂದದ್ದೇನು? ತರಗತಿಯಲ್ಲಿ ಮಾಡಿಸುವ ಅಭ್ಯಾಸಕ್ಕೆ ಒಂದಿಷ್ಟಾದರೂ ಅಂಕ ಇಡಲು ಸಾಧ್ಯವೇ? ಎರಡನೆಯ ಪ್ರಶ್ನೆಗೆ ಬರುವ ಉತ್ತರವೇ ನಿಮ್ಮ ಪಾಠದ ವಸ್ತು.

ಇಲ್ಲಿ ಎಡವುವ ಜಾಗ ಒಂದಿದೆ. ಅಧ್ಯಾಪಕರು ಊರಲ್ಲಿಲ್ಲದ ದಿನ ತರಗತಿ ಖಾಲಿ ಬಿಡಬಾರದೆಂದು ನಿಮ್ಮನ್ನು ಕರೆಯುವುದುಂಟು. ಒಪ್ಪಿಕೊಳ್ಳುವುದು ಸುಲಭ, ಆದರೆ ಅಧ್ಯಾಪಕರಿಲ್ಲದ ಕೊಠಡಿಯಲ್ಲಿ ನಿಮ್ಮ ಪಾಠ ಪಠ್ಯಕ್ಕೆ ಸಂಬಂಧವಿಲ್ಲದ್ದೆಂದು ವಿದ್ಯಾರ್ಥಿಗಳು ತೀರ್ಮಾನಿಸಿಬಿಡುತ್ತಾರೆ. ಸೌಜನ್ಯದಿಂದಲೇ ಬೇರೆ ದಿನವನ್ನು ಕೇಳಿ. ಅಧ್ಯಾಪಕರು ತರಗತಿಯಲ್ಲಿ ಕುಳಿತು, ತಾವು ಸ್ವತಃ ಲೇಖನಗಳನ್ನು ಹೇಗೆ ಹುಡುಕುತ್ತೇವೆಂದು ಎರಡು ಮಾತು ಆಡಿದರೆ ಅದು ನಿಮ್ಮ ಹತ್ತು ಸ್ಲೈಡ್‌ಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

2. ವಿದ್ಯಾರ್ಥಿಗಳು ಎಲ್ಲಿದ್ದಾರೆಂದು ತಿಳಿದುಕೊಳ್ಳಿ

“ನಿಮಗೆ ಡೇಟಾಬೇಸ್ ಬಳಸಲು ಬರುತ್ತದೆಯೇ?” ಎಂದು ಕೇಳಬೇಡಿ, ಬರುತ್ತದೆ ಎಂದೇ ಹೇಳುತ್ತಾರೆ. ಅದರ ಬದಲು ಒಂದು ಪುಟ್ಟ ಕೆಲಸ ಕೊಡಿ. ಒಂದು ಲೇಖನದ ಉಲ್ಲೇಖವನ್ನು ಕೊಟ್ಟು, ಇದು ಪುಸ್ತಕವೋ ಪುಸ್ತಕದ ಅಧ್ಯಾಯವೋ ಜರ್ನಲ್ ಲೇಖನವೋ ಎಂದು ಗುರುತಿಸಿ, ಅದರ ಪೂರ್ಣಪಾಠವನ್ನು ತೆರೆಯಲು ಹೇಳಿ. ಇದಕ್ಕೆ ಐದು ನಿಮಿಷ ಸಾಕು. ತರಗತಿಗೆ ಮೂರು ದಿನ ಮೊದಲು ಆನ್‌ಲೈನ್ ಫಾರಂ ಮೂಲಕ ಮಾಡಿಸಿದರೆ ಇನ್ನೂ ಒಳ್ಳೆಯದು.

ಇನ್ನೊಂದು ಸಂಗತಿಯನ್ನೂ ಮನಸ್ಸಿನಲ್ಲಿಡಿ. 1986ರಲ್ಲಿ ಕಾನ್‌ಸ್ಟನ್ಸ್ ಮೆಲನ್ ಎಂಬ ಸಂಶೋಧಕಿ ‘ಗ್ರಂಥಾಲಯದ ಆತಂಕ’ ಎಂಬ ಪರಿಕಲ್ಪನೆಯನ್ನು ಮುಂದಿಟ್ಟರು. ಅವರ ಅಧ್ಯಯನದ ಪ್ರತಿ ತರಗತಿಯಲ್ಲೂ ಶೇ. 75ರಿಂದ 85ರಷ್ಟು ವಿದ್ಯಾರ್ಥಿಗಳು ಗ್ರಂಥಾಲಯದಲ್ಲಿ ಸಂಶೋಧನೆಗೆ ತೊಡಗಿದಾಗಿನ ತಮ್ಮ ಮೊದಲ ಅನುಭವವನ್ನು ಭಯದ ಮಾತುಗಳಲ್ಲೇ ಬಣ್ಣಿಸಿದ್ದರು. ಉಳಿದವರಿಗೆಲ್ಲ ಗೊತ್ತಿದೆ, ತನಗೊಬ್ಬನಿಗೇ ಗೊತ್ತಿಲ್ಲ, ಕೇಳಿದರೆ ಅಜ್ಞಾನ ಬಯಲಾಗುತ್ತದೆ ಎಂಬುದು ಆ ಭಯದ ತಿರುಳು. ಹಾಗಾಗಿ ಮೌನವಾಗಿ ಕುಳಿತ ತರಗತಿಯನ್ನು ಅರ್ಥಮಾಡಿಕೊಂಡ ತರಗತಿ ಎಂದು ತಿಳಿಯಬೇಡಿ. ಕೀವರ್ಡ್, ಅಬ್‌ಸ್ಟ್ರಾಕ್ಟ್, ಪೀರ್ ರಿವ್ಯೂ ಎಂಬ ಪದಗಳನ್ನು ಬಳಸಿದಾಗಲೆಲ್ಲ, ಯಾರೂ ಕೇಳದಿದ್ದರೂ, ಒಂದು ವಾಕ್ಯದಲ್ಲಿ ಬಿಡಿಸಿ ಹೇಳಿ. ಕೀವರ್ಡ್ ಎಂದರೆ ಹುಡುಕಲು ಬಳಸುವ ಮುಖ್ಯಪದ. ಅಬ್‌ಸ್ಟ್ರಾಕ್ಟ್ ಎಂದರೆ ಲೇಖನದ ಆರಂಭದಲ್ಲಿರುವ ಸಾರಾಂಶ. ಪೀರ್ ರಿವ್ಯೂ ಎಂದರೆ ಪ್ರಕಟಣೆಗೆ ಮುಂಚೆ ಅದೇ ವಿಷಯದ ಬೇರೆ ತಜ್ಞರು ಲೇಖನವನ್ನು ಓದಿ ಪರಿಶೀಲಿಸುವ ಪದ್ಧತಿ.

3. ಎರಡೇ ಗುರಿಗಳನ್ನು ಇಟ್ಟುಕೊಳ್ಳಿ

ಒಂದು ಗಂಟೆಯ ತರಗತಿಗೆ ಎರಡು ಗುರಿ, ಹೆಚ್ಚೆಂದರೆ ಮೂರು. ‘ವಿದ್ಯಾರ್ಥಿಗಳು ಡೇಟಾಬೇಸ್‌ಗಳ ಬಗ್ಗೆ ಅರಿಯುತ್ತಾರೆ’ ಎಂದು ಬರೆದರೆ ಅದು ಆಗಿದೆಯೋ ಇಲ್ಲವೋ ಎಂದು ನೋಡಲು ಬರುವುದಿಲ್ಲ. ‘ತನ್ನ ವಿಷಯವನ್ನು ಒಂದು ಪ್ರಶ್ನೆಯಾಗಿ ಬರೆಯುತ್ತಾನೆ; ಅದರಿಂದ ಕನಿಷ್ಠ ಎರಡು ಪರಿಕಲ್ಪನೆ, ಪ್ರತಿಯೊಂದಕ್ಕೂ ಎರಡು ಪರ್ಯಾಯ ಪದಗಳನ್ನು ಪಟ್ಟಿ ಮಾಡುತ್ತಾನೆ’ ಎಂದು ಬರೆದರೆ ಕಣ್ಣಾರೆ ಕಾಣಬಹುದು. ಗುರಿಗೆ ಸಂಬಂಧಿಸದ ಸ್ಲೈಡ್‌ಗಳನ್ನು, ಅವು ಎಷ್ಟೇ ಚೆನ್ನಾಗಿದ್ದರೂ, ತೆಗೆದುಹಾಕಿ. ಗ್ರಂಥಾಲಯದ ಸಮಯ, ಪುಸ್ತಕ ಹಿಂದಿರುಗಿಸುವ ನಿಯಮ, ದಂಡದ ವಿವರ ಒಂದು ಕರಪತ್ರದಲ್ಲಿರಲಿ.

ಅರವತ್ತು ನಿಮಿಷಗಳನ್ನು ನಾನು ಹೀಗೆ ಹಂಚುತ್ತೇನೆ: ಪ್ರಶ್ನೆ ಕಟ್ಟಲು ಹದಿನೈದು, ಹುಡುಕಾಟಕ್ಕೆ ಇಪ್ಪತ್ತು, ಆಕರಗಳನ್ನು ತೂಗಲು ಹದಿನೈದು, ಬರವಣಿಗೆಯ ಪ್ರತಿಕ್ರಿಯೆ ಮತ್ತು ಸಂದೇಹಗಳಿಗೆ ಹತ್ತು. ಇದರಲ್ಲಿ ನಾನು ಮಾತನಾಡುವುದು ಇಪ್ಪತ್ತು ನಿಮಿಷ ದಾಟಬಾರದೆಂದು ಗಡಿಯಾರ ನೋಡಿಕೊಳ್ಳುತ್ತೇನೆ.

4. ವಿಷಯವನ್ನು ಪ್ರಶ್ನೆಯಾಗಿಸುವುದನ್ನು ಕಲಿಸಿ

ಬಹುಪಾಲು ಕೈಪಿಡಿಗಳು ಬೇಗ ದಾಟಿಹೋಗುವ ಈ ಹಂತಕ್ಕೇ ನಾವು ಹೆಚ್ಚು ಹೊತ್ತು ಕೊಡಬೇಕು. ವಿದ್ಯಾರ್ಥಿ ‘ನಿದ್ರೆ’ ಎಂಬ ವಿಷಯ ಹಿಡಿದು ಬರುತ್ತಾನೆ ಎಂದುಕೊಳ್ಳಿ. ಆ ಒಂದು ಪದವನ್ನು ಹುಡುಕಿದರೆ ಲಕ್ಷಗಟ್ಟಲೆ ಫಲಿತಾಂಶ ಬರುತ್ತದೆ. ಅವನು ಮೊದಲ ಮೂರನ್ನು ತೆಗೆದುಕೊಳ್ಳುತ್ತಾನೆ. ತಪ್ಪು ಸೋಮಾರಿತನದ್ದಲ್ಲ. ಮೂರನೆಯದನ್ನು ಬಿಟ್ಟು ನಲವತ್ತನೆಯದನ್ನು ಏಕೆ ಆರಿಸಬೇಕೆಂದು ಹೇಳುವ ಅಳತೆಗೋಲು ಅವನ ಬಳಿ ಇಲ್ಲ. ಆ ಅಳತೆಗೋಲೇ ಪ್ರಶ್ನೆ.

ಪಕ್ಕದಲ್ಲಿ ಕುಳಿತು ಕೇಳುತ್ತ ಹೋಗಿ. ಯಾರ ನಿದ್ರೆ? ಕಾಲೇಜು ವಿದ್ಯಾರ್ಥಿಗಳದ್ದು. ನಿದ್ರೆಯ ಯಾವ ಮುಖ? ಸಾಕಷ್ಟು ನಿದ್ರೆ ಇಲ್ಲದಿರುವುದು. ಅದರಿಂದ ಏನಾಗುತ್ತದೆಂದು ತಿಳಿಯಬೇಕು? ಓದಿದ್ದು ನೆನಪಿನಲ್ಲಿ ಉಳಿಯುತ್ತದೆಯೋ ಇಲ್ಲವೋ ಎಂದು. ಇಷ್ಟಾದ ಮೇಲೆ ಕಾಗದದ ಮೇಲೆ ಒಂದು ವಾಕ್ಯ ಬರೆಸಿ: ‘ನಿದ್ರೆಯ ಕೊರತೆಯು ಕಾಲೇಜು ವಿದ್ಯಾರ್ಥಿಗಳ ನೆನಪಿನ ಶಕ್ತಿಯ ಮೇಲೆ ಯಾವ ಪರಿಣಾಮ ಬೀರುತ್ತದೆ?’ ಇದೇ ವಾಕ್ಯ ಅಂತಿಮವಾಗಬೇಕಾಗಿಲ್ಲ. ಮೊದಲ ಎರಡು ಲೇಖನಗಳನ್ನು ಓದಿದ ಮೇಲೆ ಪ್ರಶ್ನೆ ಬದಲಾದರೆ ಅದು ಶುಭಲಕ್ಷಣವೆಂದು ಮೊದಲೇ ಹೇಳಿಬಿಡಿ.

ಇದನ್ನು ಹೇಳುವುದು ಏಕೆ ಮುಖ್ಯವೆಂಬುದಕ್ಕೆ ಗ್ರಂಥಾಲಯ ವಿಜ್ಞಾನದ ಸಂಶೋಧಕಿ ಕ್ಯಾರಲ್ ಕುಲ್‌ಥಾವ್ ಅವರ ಅಧ್ಯಯನಗಳು ಉತ್ತರ ಕೊಡುತ್ತವೆ. ಮಾಹಿತಿ ಹುಡುಕುವ ಪ್ರಕ್ರಿಯೆಯನ್ನು ಆರು ಹಂತಗಳಲ್ಲಿ ವಿವರಿಸಿದ ಅವರು, ಪ್ರತಿ ಹಂತದಲ್ಲೂ ಹುಡುಕುವವರ ಮನಸ್ಥಿತಿ ಹೇಗಿರುತ್ತದೆಂದು ಗಮನಿಸಿದರು. ವಿಷಯವನ್ನು ಆರಿಸಿದಾಗ ಒಂದಿಷ್ಟು ನೆಮ್ಮದಿ ಮೂಡುತ್ತದೆ. ಅದರ ಮರು ಹಂತವಾದ ಪರಿಶೋಧನೆಯಲ್ಲಿ ಒಂದಕ್ಕೊಂದು ಹೊಂದದ ಮಾಹಿತಿ ಎದುರಾಗಿ ಗೊಂದಲ ಮತ್ತು ಸಂದೇಹ ಹೆಚ್ಚುತ್ತವೆ. ಪ್ರಶ್ನೆಗೆ ಖಚಿತ ರೂಪ ಬಂದ ಮೇಲಷ್ಟೇ ಆತ್ಮವಿಶ್ವಾಸ ಮರಳುತ್ತದೆ. ನಡುವಿನ ಈ ಗೊಂದಲವನ್ನು ತನ್ನ ದಡ್ಡತನವೆಂದು ತಿಳಿದ ವಿದ್ಯಾರ್ಥಿ ವಿಷಯವನ್ನೇ ಬದಲಿಸುತ್ತಾನೆ, ಇಲ್ಲವೇ ಸಿಕ್ಕಿದ್ದನ್ನು ನಕಲು ಮಾಡುತ್ತಾನೆ. ಇದು ಎಲ್ಲರಿಗೂ ಆಗುತ್ತದೆ, ಇಲ್ಲಿ ನಿಲ್ಲಬೇಡ ಎಂಬ ಒಂದು ಮಾತು ಅವನನ್ನು ದಾಟಿಸಬಲ್ಲದು. ಗೊಂದಲದ ಆ ವಾರದಲ್ಲಿ ನಿಮ್ಮನ್ನು ಎಲ್ಲಿ, ಎಷ್ಟು ಹೊತ್ತಿಗೆ ಕಾಣಬಹುದೆಂಬುದನ್ನೂ ಬೋರ್ಡಿನ ಮೇಲೆ ಬರೆಯಿರಿ.

5. ಹುಡುಕಾಟವನ್ನು ಮಾಡಿಸಿ, ಮಾಡಿ ತೋರಿಸುವುದನ್ನು ಕಡಿಮೆ ಮಾಡಿ

ಈಗ ಕಂಪ್ಯೂಟರ್ ಮುಂದೆ ಬನ್ನಿ. ಮೇಲಿನ ಪ್ರಶ್ನೆಯಲ್ಲಿ ಮೂರು ಪರಿಕಲ್ಪನೆಗಳಿವೆ: ನಿದ್ರೆಯ ಕೊರತೆ, ನೆನಪು, ಕಾಲೇಜು ವಿದ್ಯಾರ್ಥಿಗಳು. ಕಾಗದದ ಮೇಲೆ ಮೂರು ಅಂಕಣ ಎಳೆಸಿ, ಪ್ರತಿಯೊಂದರ ಕೆಳಗೆ ಪರ್ಯಾಯ ಪದಗಳನ್ನು ಬರೆಸಿ. ಇಂಗ್ಲಿಷ್ ಡೇಟಾಬೇಸ್‌ನಲ್ಲಿ ಹುಡುಕುವುದಾದರೆ ಮೊದಲ ಅಂಕಣದಲ್ಲಿ ‘ಸ್ಲೀಪ್ ಡಿಪ್ರಿವೇಶನ್’, ‘ಸ್ಲೀಪ್ ಲಾಸ್’, ‘ಸ್ಲೀಪ್ ರಿಸ್ಟ್ರಿಕ್ಷನ್’ ಬರುತ್ತವೆ. ಯಾರಾದರೂ ‘ಇನ್‌ಸಾಮ್ನಿಯಾ’ ಎನ್ನುತ್ತಾರೆ. ಅಲ್ಲಿ ಒಂದು ನಿಮಿಷ ನಿಲ್ಲಿ. ನಿದ್ರಾಹೀನತೆ ಒಂದು ಕಾಯಿಲೆ. ಪರೀಕ್ಷೆಯ ಹಿಂದಿನ ರಾತ್ರಿ ಎಚ್ಚರವಿದ್ದು ಓದುವವನಿಗೆ ಆ ಕಾಯಿಲೆ ಇಲ್ಲ. ಪರ್ಯಾಯ ಪದವನ್ನು ಹುಡುಕುವ ನೆಪದಲ್ಲಿ ವಿದ್ಯಾರ್ಥಿಗಳು ತಮ್ಮ ವಿಷಯದ ಗಡಿಯನ್ನು ಗುರುತಿಸಿಕೊಳ್ಳುವ ಕ್ಷಣವಿದು.

ನಂತರ ಜೋಡಣೆ. ಒಂದೇ ಅಂಕಣದ ಪದಗಳ ನಡುವೆ ‘ಆರ್’ ಹಾಕಿದರೆ ಇವುಗಳಲ್ಲಿ ಯಾವುದಿದ್ದರೂ ಸರಿ ಎಂದರ್ಥ, ಫಲಿತಾಂಶ ಹಿಗ್ಗುತ್ತದೆ. ಅಂಕಣಗಳ ನಡುವೆ ‘ಆ್ಯಂಡ್’ ಹಾಕಿದರೆ ಎಲ್ಲವೂ ಇರಲೇಬೇಕು ಎಂದರ್ಥ, ಫಲಿತಾಂಶ ಕುಗ್ಗುತ್ತದೆ. ‘ಆರ್’ನಿಂದ ಜೋಡಿಸಿದ ಪ್ರತಿ ಗುಂಪನ್ನೂ ಆವರಣ ಚಿಹ್ನೆಯೊಳಗೆ ಇಡಬೇಕು, ಇಲ್ಲದಿದ್ದರೆ ಡೇಟಾಬೇಸ್ ತನಗೆ ತೋಚಿದ ಕ್ರಮದಲ್ಲಿ ಓದಿಕೊಳ್ಳುತ್ತದೆ. ಎರಡು ಪದಗಳು ಒಟ್ಟಿಗೇ ಬರಬೇಕಾದರೆ ಉದ್ಧರಣ ಚಿಹ್ನೆ ಹಾಕಬೇಕು. ‘ನಾಟ್’ ಬಳಸುವಾಗ ಎಚ್ಚರ ಬೇಕು: ಮಕ್ಕಳ ಬಗ್ಗೆ ಬೇಡವೆಂದು ಆ ಪದವನ್ನು ಹೊರಗಿಟ್ಟರೆ, ಮಕ್ಕಳನ್ನೂ ಕಾಲೇಜು ವಿದ್ಯಾರ್ಥಿಗಳನ್ನೂ ಹೋಲಿಸಿದ ಒಳ್ಳೆಯ ಲೇಖನವೂ ಹೊರಹೋಗುತ್ತದೆ. ಪದದ ಬುಡಕ್ಕೆ ನಕ್ಷತ್ರ ಚಿಹ್ನೆ ಹಾಕಿ ಅದರ ಎಲ್ಲ ರೂಪಗಳನ್ನು ಹುಡುಕುವ ವಿಧಾನಕ್ಕೆ ಟ್ರಂಕೇಷನ್ ಎನ್ನುತ್ತಾರೆ. ‘ಮೆಮೊರಿ’ ಪದದ ಕೊನೆಯ ಅಕ್ಷರವನ್ನು ತೆಗೆದು ನಕ್ಷತ್ರ ಹಾಕಿದರೆ ‘ಮೆಮೊರೀಸ್’, ‘ಮೆಮೊರೈಸ್’ ಸಿಗುವುದರ ಜೊತೆಗೆ ‘ಮೆಮೊರಿಯಲ್’, ‘ಮೆಮೊರಾಂಡಮ್’ ಕೂಡ ನುಗ್ಗುತ್ತವೆ. ಇದನ್ನು ವಿದ್ಯಾರ್ಥಿಗಳೇ ಮಾಡಿ, ಸ್ಮಾರಕಗಳ ಬಗೆಗಿನ ಲೇಖನಗಳು ತೆರೆಯ ಮೇಲೆ ಬಂದದ್ದನ್ನು ನೋಡಿದರೆ ಮತ್ತೆ ವಿವರಿಸಬೇಕಾಗಿಲ್ಲ.

ವಿಷಯ ಶೀರ್ಷಿಕೆಗಳ ಬಗ್ಗೆಯೂ ಒಂದು ಮಾತು ಹೇಳಿ. ಲೇಖಕರು ಒಂದೇ ಸಂಗತಿಯನ್ನು ಬೇರೆ ಬೇರೆ ಪದಗಳಲ್ಲಿ ಕರೆಯುವುದರಿಂದ, ಸೂಚಿ ತಯಾರಿಸುವವರು ಅವನ್ನೆಲ್ಲ ಒಂದು ನಿಗದಿತ ಪದದಡಿ ತರುತ್ತಾರೆ. ವೈದ್ಯಕೀಯ ಲೇಖನಗಳ ಪಬ್‌ಮೆಡ್‌ನಲ್ಲಿ ಬಳಸುವ ‘ಮೆಶ್’ ಎಂಬ ಪದಪಟ್ಟಿಯಲ್ಲಿ ‘ಹಾರ್ಟ್ ಅಟ್ಯಾಕ್’ಗೆ ‘ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್’ ಎಂಬುದೇ ನಿಗದಿತ ಪದ. ಒಂದು ಒಳ್ಳೆಯ ಲೇಖನ ಸಿಕ್ಕಾಗ ಅದಕ್ಕೆ ಕೊಟ್ಟಿರುವ ವಿಷಯ ಶೀರ್ಷಿಕೆಯನ್ನು ನೋಡಿ ಅದನ್ನೇ ಮರಳಿ ಹುಡುಕುವುದು, ಅದರ ಕೊನೆಯಲ್ಲಿರುವ ಉಲ್ಲೇಖಗಳನ್ನು ಹಿಂದಕ್ಕೆ ಅನುಸರಿಸುವುದು, ಅದನ್ನು ಮುಂದೆ ಯಾರು ಉಲ್ಲೇಖಿಸಿದ್ದಾರೆಂದು ನೋಡುವುದು, ಈ ಮೂರು ಅಭ್ಯಾಸಗಳು ವಿದ್ಯಾರ್ಥಿಯನ್ನು ಹುಡುಕಾಟದ ಪೆಟ್ಟಿಗೆಯಿಂದಾಚೆಗೆ ಕೊಂಡೊಯ್ಯುತ್ತವೆ.

ನಮ್ಮ ತರಗತಿಗಳ ದೊಡ್ಡ ದೋಷವೊಂದನ್ನು ಇಲ್ಲಿ ಹೇಳಲೇಬೇಕು. ಹಿಂದಿನ ದಿನವೇ ಅಭ್ಯಾಸ ಮಾಡಿ, ಚೆನ್ನಾಗಿ ಫಲಿಸುವುದೆಂದು ಗೊತ್ತಿರುವ ಹುಡುಕಾಟವನ್ನು ನಾವು ತೋರಿಸುತ್ತೇವೆ. ಅದು ಒಂದೇ ಸಲಕ್ಕೆ ಹನ್ನೆರಡು ಅಚ್ಚುಕಟ್ಟಾದ ಲೇಖನಗಳನ್ನು ಕೊಡುತ್ತದೆ. ವಿದ್ಯಾರ್ಥಿಯ ಹುಡುಕಾಟವೋ ಶೂನ್ಯವನ್ನು ಕೊಡುತ್ತದೆ, ಇಲ್ಲವೇ ಎಂಟು ಸಾವಿರವನ್ನು. ತಾನೇ ತಪ್ಪು ಮಾಡಿದೆನೆಂದು ಅವನು ಕೈಬಿಡುತ್ತಾನೆ. ಆದ್ದರಿಂದ ವಿದ್ಯಾರ್ಥಿಯೊಬ್ಬರು ಹೇಳಿದ ವಿಷಯವನ್ನು, ನೀವೂ ಮೊದಲು ನೋಡಿರದದ್ದನ್ನು, ಎಲ್ಲರೆದುರು ಹುಡುಕಿ. ಇಡೀ ಪ್ರಶ್ನೆಯನ್ನೇ ವಾಕ್ಯವಾಗಿ ಟೈಪ್ ಮಾಡಿ, ಏನೂ ಬಾರದಿರುವುದನ್ನು ಅವರು ನೋಡಲಿ. ಹಲವು ಡೇಟಾಬೇಸ್‌ಗಳು ವಾಕ್ಯದ ಪ್ರತಿ ಪದವೂ ಇರಲೇಬೇಕೆಂದು ಭಾವಿಸಿ ಹುಡುಕುತ್ತವೆ ಎಂದು ಕಾರಣವನ್ನು ತಿಳಿಸಿ. ಒಂದು ಪದವನ್ನು ತೆಗೆಯಿರಿ, ಇನ್ನೊಂದನ್ನು ಸೇರಿಸಿ, ‘ಇದೇಕೆ ಹೀಗಾಯಿತು?’ ಎಂದು ಗಟ್ಟಿಯಾಗಿ ಯೋಚಿಸಿ. ಹುಡುಕಾಟವೆಂದರೆ ತಿದ್ದುತ್ತ ಹೋಗುವ ಕೆಲಸವೆಂಬುದನ್ನು ಅವರು ನಿಮ್ಮ ಕೈಯಲ್ಲೇ ಕಾಣುತ್ತಾರೆ.

6. ಆಕರವನ್ನು ತೂಗುವುದನ್ನು ಕಲಿಸಿ

2004ರಲ್ಲಿ ಸಾರಾ ಬ್ಲೇಕ್ಸ್‌ಲಿ ರೂಪಿಸಿದ ‘ಕ್ರಾಪ್’ ಪರೀಕ್ಷೆಯ ಪಟ್ಟಿಯನ್ನು ಬಹಳಷ್ಟು ಗ್ರಂಥಾಲಯಗಳು ಬಳಸುತ್ತವೆ. ಅದರ ಪ್ರಕಾರ ಆಕರ ಎಷ್ಟು ಹೊಸದು, ಪ್ರಸ್ತುತವೇ, ಬರೆದವರು ಯಾರು, ನಿಖರವೇ, ಯಾವ ಉದ್ದೇಶಕ್ಕೆ ಬರೆದದ್ದು ಎಂಬ ಐದು ಅಂಶಗಳನ್ನು ನೋಡಬೇಕು. ಪ್ರಶ್ನೆಗಳು ಸರಿಯಾದವೇ. ತೊಂದರೆ ಇರುವುದು ವಿದ್ಯಾರ್ಥಿಗಳು ಅವುಗಳಿಗೆ ಉತ್ತರವನ್ನು ಅದೇ ಪುಟದಲ್ಲಿ ಹುಡುಕುವುದರಲ್ಲಿ. ಮೋಸದ ಜಾಲತಾಣವೂ ತನ್ನನ್ನು ತಾನು ಸಂಶೋಧನಾ ಸಂಸ್ಥೆ ಎಂದೇ ಕರೆದುಕೊಳ್ಳುತ್ತದೆ, ಇಂದಿನ ದಿನಾಂಕವನ್ನೇ ಹಾಕುತ್ತದೆ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 10 ಇತಿಹಾಸಕಾರರು, 10 ವೃತ್ತಿಪರ ಸತ್ಯಶೋಧಕರು ಮತ್ತು 25 ವಿದ್ಯಾರ್ಥಿಗಳು ಜಾಲತಾಣಗಳನ್ನು ಪರಿಶೀಲಿಸಿದ್ದರು. ಇತಿಹಾಸಕಾರರೂ ವಿದ್ಯಾರ್ಥಿಗಳೂ ಬಹುಮಟ್ಟಿಗೆ ಅದೇ ಪುಟವನ್ನು ಮೇಲಿನಿಂದ ಕೆಳಕ್ಕೆ ಓದಿ, ಲಾಂಛನ ಮತ್ತು ಹೆಸರುಗಳಿಗೆ ಮೋಸಹೋದರು. ಸತ್ಯಶೋಧಕರಾದರೋ ಪುಟವನ್ನು ಬಿಟ್ಟು ಹೊಸ ಟ್ಯಾಬ್ ತೆರೆದು, ಈ ಸಂಸ್ಥೆಯ ಬಗ್ಗೆ ಬೇರೆಯವರು ಏನು ಹೇಳುತ್ತಾರೆಂದು ನೋಡಿ ಬಂದು, ಕಡಿಮೆ ಸಮಯದಲ್ಲಿ ಸರಿಯಾದ ತೀರ್ಮಾನಕ್ಕೆ ತಲುಪಿದರು. ಇದನ್ನು ‘ಪಾರ್ಶ್ವ ಓದು’ ಎನ್ನಬಹುದು: ಪುಟದ ಒಳಗೆ ಇಳಿಯುವ ಮುನ್ನ ಪಕ್ಕಕ್ಕೆ ಸರಿದು ವಿಚಾರಿಸುವುದು. ಮೈಕ್ ಕಾಲ್‌ಫೀಲ್ಡ್ ಅವರ ‘ಸಿಫ್ಟ್’ ವಿಧಾನವೂ ಇದನ್ನೇ ನಾಲ್ಕು ನಡೆಗಳಾಗಿ ಹೇಳುತ್ತದೆ: ನಿಲ್ಲು, ಆಕರ ಯಾರದೆಂದು ವಿಚಾರಿಸು, ಉತ್ತಮ ವರದಿಯನ್ನು ಹುಡುಕು, ಮಾತನ್ನು ಅದರ ಮೂಲದವರೆಗೆ ಹಿಂಬಾಲಿಸು.

ತರಗತಿಯಲ್ಲಿ ಮಾಡಿಸಲು ಒಂದು ಅಭ್ಯಾಸವನ್ನು ಹೇಳುತ್ತೇನೆ. ಆ್ಯಂಡ್ರೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು 1998ರಲ್ಲಿ ‘ದಿ ಲ್ಯಾನ್ಸೆಟ್’ ಜರ್ನಲ್‌ನಲ್ಲಿ ಪ್ರಕಟಿಸಿದ ಲೇಖನದ ಶೀರ್ಷಿಕೆ, ಲೇಖಕರ ಹೆಸರು ಮತ್ತು ಸಾರಾಂಶವನ್ನು ಕಾಗದದ ಮೇಲೆ ಮುದ್ರಿಸಿ ಹಂಚಿ. ಆನ್‌ಲೈನ್ ಪ್ರತಿಯನ್ನು ತೋರಿಸಬಾರದು, ಅದರ ಮೇಲೆ ಹಿಂಪಡೆದ ಲೇಖನವೆಂಬ ಮುದ್ರೆ ಇದೆ. ಐದು ನಿಮಿಷದಲ್ಲಿ, ಇದನ್ನು ಪ್ರಬಂಧದಲ್ಲಿ ಆಧಾರವಾಗಿ ಬಳಸಬಹುದೇ ಎಂದು ಗುಂಪುಗಳಲ್ಲಿ ನಿರ್ಧರಿಸಲು ಹೇಳಿ. ಕಾಗದವನ್ನಷ್ಟೇ ಓದಿದ ಗುಂಪು ಹೆಸರಾಂತ ಜರ್ನಲ್, ಪೀರ್ ರಿವ್ಯೂ ಆದದ್ದು, ವೈದ್ಯರೇ ಬರೆದದ್ದು ಎಂದು ಒಪ್ಪುತ್ತದೆ. ಶೀರ್ಷಿಕೆಯನ್ನು ಹುಡುಕಿ ನೋಡಿದ ಗುಂಪಿಗೆ, ಕೇವಲ 12 ಮಕ್ಕಳನ್ನು ಆಧರಿಸಿ, ದಡಾರ, ಮಂಗನಬಾವು ಮತ್ತು ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂಬ ಶಂಕೆ ಹುಟ್ಟಿಸಿದ ಲೇಖನವಿದು, 2010ರಲ್ಲಿ ಜರ್ನಲ್ ಇದನ್ನು ಪೂರ್ತಿಯಾಗಿ ಹಿಂಪಡೆಯಿತು ಎಂಬುದು ಕ್ಷಣದಲ್ಲಿ ತಿಳಿಯುತ್ತದೆ. ಪೀರ್ ರಿವ್ಯೂ ಆಗಿದೆ ಎಂಬ ಒಂದೇ ಗುರುತನ್ನು ನಂಬಿ ಕೂರಬಾರದೆಂಬುದು ವಿದ್ಯಾರ್ಥಿಗಳಿಗೆ ಇದರಿಂದ ಮನವರಿಕೆಯಾಗುತ್ತದೆ. ಹಾಗೆಂದು ಯಾವ ಸಂಶೋಧನೆಯನ್ನೂ ನಂಬಬಾರದೆಂಬ ಸಿನಿಕತನಕ್ಕೆ ಅವರು ಜಾರದಂತೆ ನೋಡಿಕೊಳ್ಳಿ: ಆ ಲೇಖನದ ದೋಷ ಹೊರಬಂದದ್ದು ಬೇರೆಯವರ ಪರಿಶೀಲನೆಯಿಂದಲೇ, ದೊಡ್ಡ ಪ್ರಮಾಣದ ಅಧ್ಯಯನಗಳು ಅಂಥ ನಂಟನ್ನು ಕಾಣಲಿಲ್ಲವಾದ್ದರಿಂದಲೇ.

7. ಕೃತಕ ಬುದ್ಧಿಮತ್ತೆಯ ಉತ್ತರಗಳನ್ನು ಪರೀಕ್ಷಿಸಲು ಕಲಿಸಿ

ಚಾಟ್‌ಜಿಪಿಟಿಯಂಥ ಸಾಧನಗಳನ್ನು ಬಳಸಬೇಡಿ ಎಂದು ಹೇಳಿ ಸುಮ್ಮನಾದರೆ ವಿದ್ಯಾರ್ಥಿಗಳು ನಿಮಗೆ ಹೇಳದೆ ಬಳಸುತ್ತಾರೆ. ಅಧ್ಯಾಪಕರ ನಿಯಮ ಏನೆಂದು ಮೊದಲು ತಿಳಿಸಿ, ನಂತರ ಅದರ ಸ್ವಭಾವವನ್ನು ವಿವರಿಸಿ. ಇವು ಪದಗಳ ನಂತರ ಯಾವ ಪದ ಬರುವ ಸಾಧ್ಯತೆ ಹೆಚ್ಚೆಂಬ ಲೆಕ್ಕದ ಮೇಲೆ ವಾಕ್ಯ ಕಟ್ಟುತ್ತವೆ. ಹೀಗಾಗಿ ನಿಜವಾದ ಜರ್ನಲ್, ನಿಜವಾದ ಲೇಖಕ, ನಂಬುವಂಥ ಶೀರ್ಷಿಕೆ ಎಲ್ಲ ಸೇರಿ ಎಂದೂ ಪ್ರಕಟವಾಗದ ಲೇಖನವೊಂದರ ಉಲ್ಲೇಖ ತಯಾರಾಗಿಬಿಡಬಹುದು. 2023ರಲ್ಲಿ ನ್ಯೂಯಾರ್ಕ್‌ನ ನ್ಯಾಯಾಲಯವೊಂದರಲ್ಲಿ ಇಬ್ಬರು ವಕೀಲರು ಇಂಥ ಸಾಧನ ಕೊಟ್ಟ, ಅಸ್ತಿತ್ವದಲ್ಲೇ ಇಲ್ಲದ ಪ್ರಕರಣಗಳನ್ನು ಆಧಾರವಾಗಿ ಸಲ್ಲಿಸಿ 5,000 ಡಾಲರ್ ದಂಡಕ್ಕೆ ಗುರಿಯಾದರು.

ಅಭ್ಯಾಸ ಸರಳವಾದದ್ದು. ಸಾಧನದಿಂದ ಐದು ಉಲ್ಲೇಖಗಳನ್ನು ಪಡೆದು, ಪ್ರತಿಯೊಂದನ್ನೂ ಡೇಟಾಬೇಸ್‌ನಲ್ಲಿ ಶೀರ್ಷಿಕೆಯಿಂದ ಹುಡುಕಿಸಿ. ಡಿಒಐ ಇದ್ದರೆ, ಅಂದರೆ 10ರಿಂದ ಆರಂಭವಾಗುವ, ಪ್ರತಿ ಲೇಖನಕ್ಕೂ ಪ್ರತ್ಯೇಕವಾಗಿ ಕೊಡುವ ಶಾಶ್ವತ ಗುರುತಿನ ಸಂಖ್ಯೆ ಇದ್ದರೆ, ಅದನ್ನು ತೆರೆದು ಬೇರೆ ಲೇಖನಕ್ಕೆ ಹೋಗುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಲಿ. ಲೇಖನ ನಿಜವಾಗಿದ್ದರೂ ಸಾಧನ ಹೇಳಿದ ಮಾತು ಅದರಲ್ಲಿ ಇದೆಯೇ ಎಂದು ಓದಿಯೇ ನೋಡಬೇಕು. ಈ ಕೊನೆಯ ಹೆಜ್ಜೆಯಲ್ಲೇ ಹೆಚ್ಚಿನವರು ಜಾರುತ್ತಾರೆ.

8. ಉಲ್ಲೇಖವನ್ನು ಕಾರಣಸಹಿತ ಕಲಿಸಿ

ಅಲ್ಪವಿರಾಮ ಎಲ್ಲಿ, ಇಟಾಲಿಕ್ ಎಲ್ಲಿ ಎಂಬುದರ ಮೇಲೆ ಸಮಯ ಕಳೆಯಬೇಡಿ. ಝೊಟೆರೊದಂಥ ಉಚಿತ ಸಾಧನ ಆ ಕೆಲಸವನ್ನು ಮಾಡುತ್ತದೆ. ಅದು ತುಂಬಿದ ಹೆಸರು ಮತ್ತು ವರ್ಷಗಳನ್ನು ಒಮ್ಮೆ ಪರಿಶೀಲಿಸಬೇಕೆಂದು ಮಾತ್ರ ಎಚ್ಚರಿಸಿ. ಓದುಗನು ನಮ್ಮ ಮಾತಿನ ಆಧಾರವನ್ನು ತಾನೇ ಹೋಗಿ ನೋಡಲು ಸಾಧ್ಯವಾಗಲೆಂದು ಉಲ್ಲೇಖ ಕೊಡುತ್ತೇವೆ ಎಂಬುದು ತಲೆಗೆ ಹೋದರೆ ಉಳಿದದ್ದು ಸುಲಭ. ಕೃತಿಚೌರ್ಯವನ್ನು ಶಿಕ್ಷೆಯ ಭಯದಿಂದ ಕಲಿಸುವ ಬದಲು, ಒಂದು ಪ್ಯಾರಾವನ್ನು ಕೊಟ್ಟು ಅದನ್ನು ಮುಚ್ಚಿಟ್ಟು ಸ್ವಂತ ಮಾತಿನಲ್ಲಿ ಬರೆಸಿ, ಮೂಲದೊಂದಿಗೆ ಹೋಲಿಸಲು ಹೇಳಿ. ಪದಗಳನ್ನು ಅಲ್ಲಲ್ಲಿ ಬದಲಿಸಿದರೆ ಸ್ವಂತ ಬರವಣಿಗೆ ಆಗುವುದಿಲ್ಲ ಎಂಬುದು ಅವರಿಗೇ ಕಾಣುತ್ತದೆ.

9. ಕಲಿತದ್ದನ್ನು ಅಳೆಯಿರಿ

“ತರಗತಿ ಉಪಯುಕ್ತವಾಗಿತ್ತೇ?” ಎಂಬ ಫಾರಂಗೆ ಎಲ್ಲರೂ ಹೌದು ಎನ್ನುತ್ತಾರೆ; ಅದರಿಂದ ನಿಮಗೆ ಏನೂ ತಿಳಿಯುವುದಿಲ್ಲ. ಕೊನೆಯ ಐದು ನಿಮಿಷದಲ್ಲಿ ಒಂದು ಚೀಟಿಯ ಮೇಲೆ ಎರಡು ಉತ್ತರ ಬರೆಸಿ: ಇಂದು ನಿಮ್ಮ ಪ್ರಶ್ನೆ ಹೇಗೆ ಬದಲಾಯಿತು? ಇನ್ನೂ ಅರ್ಥವಾಗದೆ ಉಳಿದದ್ದೇನು? ಎರಡನೆಯ ಉತ್ತರಗಳನ್ನು ಅದೇ ದಿನ ಓದಿ, ಮೂರ್ನಾಲ್ಕು ಜನ ಕೇಳಿದ್ದಕ್ಕೆ ಅಧ್ಯಾಪಕರ ಮೂಲಕ ಇಡೀ ತರಗತಿಗೆ ಉತ್ತರ ಕಳಿಸಿ.

ಇದಕ್ಕಿಂತ ಗಟ್ಟಿಯಾದ ಅಳತೆ ಬೇಕೆಂದರೆ, ಟಿಪ್ಪಣಿ ಸಹಿತ ಆಕರಪಟ್ಟಿಯನ್ನು ಅಸೈನ್‌ಮೆಂಟ್‌ನ ಭಾಗವಾಗಿಸಲು ಅಧ್ಯಾಪಕರನ್ನು ಒಪ್ಪಿಸಿ. ಪ್ರತಿ ಆಕರದ ಕೆಳಗೆ, ಇದನ್ನು ಏಕೆ ಆರಿಸಿದೆ, ಇದರ ಮಿತಿ ಏನು, ನನ್ನ ಪ್ರಶ್ನೆಯ ಯಾವ ಭಾಗಕ್ಕೆ ಉತ್ತರ ಕೊಡುತ್ತದೆ ಎಂದು ವಿದ್ಯಾರ್ಥಿ ಎರಡು ಮೂರು ವಾಕ್ಯ ಬರೆಯಬೇಕು. ಅಂತಹ ಹತ್ತು ಪಟ್ಟಿಗಳನ್ನು ಓದಿದರೆ ನಿಮ್ಮ ಪಾಠ ಎಲ್ಲಿ ತಲುಪಿದೆ, ಎಲ್ಲಿ ತಲುಪಿಲ್ಲವೆಂದು ತಿಳಿಯುತ್ತದೆ. ‘ಏಕೆ ಆರಿಸಿದೆ’ ಎಂಬಲ್ಲಿ ‘ಮೊದಲು ಸಿಕ್ಕಿತು’ ಎಂಬರ್ಥದ ಮಾತುಗಳೇ ತುಂಬಿದ್ದರೆ, ಮುಂದಿನ ಬಾರಿ ಹುಡುಕಾಟದ ಸಮಯದಿಂದ ಐದು ನಿಮಿಷ ಕಡಿದು ನಾಲ್ಕನೆಯ ಹಂತಕ್ಕೆ ಕೊಡಿ.

10. ಎರಡನೆಯ ಭೇಟಿಯನ್ನು ಮೊದಲೇ ನಿಗದಿ ಮಾಡಿ

ಒಂದು ಗಂಟೆಯಲ್ಲಿ ಆಗದೆ ಉಳಿದದ್ದನ್ನು ಇನ್ನೊಂದು ಉಪನ್ಯಾಸದಲ್ಲಿ ತುಂಬುವ ಬದಲು, ಪ್ರಬಂಧ ಸಲ್ಲಿಸುವುದಕ್ಕೆ ಹತ್ತು ದಿನ ಮುಂಚೆ ಗ್ರಂಥಾಲಯದ ಒಂದು ಮೇಜಿನ ಬಳಿ ಎರಡು ಗಂಟೆ ಕುಳಿತುಕೊಳ್ಳಿ. ವಿದ್ಯಾರ್ಥಿಗಳು ತಮ್ಮ ಪ್ರಶ್ನೆ ಮತ್ತು ಆವರೆಗೆ ಸಿಕ್ಕ ಆಕರಗಳೊಂದಿಗೆ ಒಬ್ಬೊಬ್ಬರಾಗಿ ಬರಲಿ. ಪ್ರತಿಯೊಬ್ಬರಿಗೂ ಹತ್ತು ನಿಮಿಷದ ಸಮಯವನ್ನು ಮೊದಲೇ ಬರೆಸಿಕೊಳ್ಳಿ. ಅವರು ಬಂದಾಗ ಕೀಬೋರ್ಡ್ ಅವರ ಕೈಯಲ್ಲೇ ಇರಲಿ, ನಿಮ್ಮ ಕೈಗೆ ತೆಗೆದುಕೊಳ್ಳಬೇಡಿ. ಬಂದವರು ಕೇಳಿದ ಪ್ರಶ್ನೆಗಳನ್ನು, ಹೆಸರುಗಳನ್ನು ಬಿಟ್ಟು, ಒಂದು ನೋಟ್‌ಬುಕ್‌ನಲ್ಲಿ ದಿನಾಂಕದೊಂದಿಗೆ ಬರೆದಿಡಿ. ಮುಂದಿನ ಸೆಮಿಸ್ಟರ್‌ನಲ್ಲಿ ಅಧ್ಯಾಪಕರನ್ನು ಕಾಣಲು ಹೋಗುವಾಗ ಆ ನೋಟ್‌ಬುಕ್ ಜೊತೆಗಿರಲಿ.